ರಸಪ್ರಶ್ನೆಗೆ ಆಮ್ಲಜನಕವೋ, ಆಕ್ಸಿಜನ್ನೋ?

ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದ ಎಂಟರಿಂದ ಹತ್ತನೇ ತರಗತಿವರೆಗಿನ ಮಕ್ಕಳಿಗಾಗಿ ಧಾತುಗಳ ಬಗ್ಗೆ ಆನ್‌ಲೈನ್ ರಸಪ್ರಶ್ನೆ ಸಿದ್ಧಪಡಿಸುತ್ತಿದ್ದೇನೆ. ಹೆಸರುಗಳ ವಿಷಯದಲ್ಲಿ ನಿಮ್ಮೆಲ್ಲರ ಸಲಹೆ ಬೇಕಿತ್ತು.

‘ಧಾತು’ ಪದದ ಬಗ್ಗೆ ತಕರಾರಿಲ್ಲ. ವ್ಯಾಕರಣದಲ್ಲೂ ಆಯುರ್ವೇದದಲ್ಲೂ ಅದಕ್ಕೆ ಬೇರೆ ಅರ್ಥಗಳಿದ್ದರೂ ವಿಜ್ಞಾನದ ಪಾಠದಲ್ಲಿ ಮಕ್ಕಳಿಗೆ ಗೊಂದಲವಾಗುವುದಿಲ್ಲ. ತೊಡಕಿರುವುದು ‘ಜನಕ’ಗಳಲ್ಲಿ. ‘ಆಮ್ಲಜನಕದೊಡನೆ ಕೂಡಿ ನೀರಾಗುವ ಧಾತು ಯಾವುದು?’ ಎಂದು ಕೇಳಿ, ಆಯ್ಕೆಗಳಲ್ಲಿ ಜಲಜನಕ ಎಂದು ಕೊಟ್ಟರೆ ಹೆಸರೇ ಉತ್ತರ ಹೇಳಿಬಿಡುತ್ತದೆ. ಇನ್ನೊಂದು ಪ್ರಶ್ನೆಯಲ್ಲಿ ಇದು ತಿರುಗುಮುರುಗು. ‘ಹೈಡ್ರೋಕ್ಲೋರಿಕ್, ಸಲ್ಫ್ಯೂರಿಕ್, ನೈಟ್ರಿಕ್ – ಈ ಮೂರೂ ಆಮ್ಲಗಳಲ್ಲಿರುವ ಧಾತು ಯಾವುದು?’ ಸರಿಯುತ್ತರ ಜಲಜನಕ. ಆದರೆ ಪದದ ಅರ್ಥ ಹಿಡಿದು ಯೋಚಿಸುವ ಮಗು ಆಮ್ಲಜನಕವನ್ನೇ ಒತ್ತುತ್ತದೆ. ಭಾಷೆಯನ್ನು ಗಮನವಿಟ್ಟು ಓದುವ ಮಗುವಿಗೇ ಅಂಕ ಹೋಗುವುದು ನನಗೆ ಸಂಕಟದ ವಿಷಯ.

ತಪ್ಪು ಕನ್ನಡದ್ದಲ್ಲ. ಆಮ್ಲಗಳಿಗೆಲ್ಲ ಈ ಅನಿಲವೇ ಕಾರಣವೆಂದು ನಂಬಿ, ಗ್ರೀಕ್ ಮೂಲದಿಂದ ಆಕ್ಸಿಜನ್ ಎಂಬ ಹೆಸರು ಕಟ್ಟಿದವನು ಫ್ರಾನ್ಸಿನ ರಸಾಯನವಿಜ್ಞಾನಿ ಲೆವಾಸಿಯೆ. 1810ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಕ್ಲೋರಿನ್ ಒಂದು ಧಾತುವೆಂದು ತೋರಿಸಿದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂಬುದು ಅದರಿಂದ ಖಚಿತವಾಯಿತು. ಹೆಸರು ಮಾತ್ರ ಉಳಿಯಿತು, ನಾವು ಅದನ್ನು ನಿಷ್ಠೆಯಿಂದ ಕನ್ನಡಿಸಿಕೊಂಡೆವು. ಆಕ್ಸಿಜನ್ ಎಂದು ಓದುವವರಿಗೆ ಒಳಗಿನ ಗ್ರೀಕ್ ಕಾಣುವುದಿಲ್ಲ, ನಮ್ಮ ಮಕ್ಕಳಿಗೆ ‘ಆಮ್ಲ’ ಕಣ್ಣಿಗೇ ರಾಚುತ್ತದೆ.

ಹಾಗೆಂದು ಇಷ್ಟು ಬಳಕೆಯಲ್ಲಿರುವ ಪದವನ್ನು ಕೈಬಿಡಲು ನನಗೆ ಮನಸ್ಸಿಲ್ಲ. ಈ ಎರಡು ಪ್ರಶ್ನೆಗಳಲ್ಲಿ ಮಾತ್ರ ಹೈಡ್ರೋಜನ್, ಆಕ್ಸಿಜನ್ ಎಂದು ಕೊಟ್ಟು, ಉಳಿದೆಡೆ ಜಲಜನಕ, ಆಮ್ಲಜನಕ, ಸಾರಜನಕಗಳನ್ನೇ ಇಡುವುದು ನನ್ನ ಒಲವು. ಉತ್ತರ ಒತ್ತಿದ ಮೇಲೆ ಮೂಡುವ ವಿವರಣೆಯಲ್ಲಿ ಲೆವಾಸಿಯೆಯ ಕಥೆಯನ್ನೂ ಹೇಳಬಹುದು. ಒಂದೇ ರಸಪ್ರಶ್ನೆಯಲ್ಲಿ ಎರಡು ಬಗೆಯ ಹೆಸರು ಬಂದರೆ ಮಕ್ಕಳಿಗೆ ಕಷ್ಟವಾದೀತೇ? ಪಾಠ ಮಾಡುವವರು ದಯವಿಟ್ಟು ಹೇಳಿ.

‘ಸೀಸದ ಕಡ್ಡಿ’ಯದೂ ಇದೇ ಪಾಡು. ಪೆನ್ಸಿಲ್ಲಿನೊಳಗೆ ಸೀಸವಿಲ್ಲ, ಇರುವುದು ಜೇಡಿಮಣ್ಣು ಬೆರೆಸಿದ ಗ್ರಾಫೈಟ್, ಅಂದರೆ ಇಂಗಾಲ. ಒಳ್ಳೆಯ ಪ್ರಶ್ನೆಯಾಗುತ್ತದೆ, ಆದರೆ ಆ ಮಾತನ್ನು ಈಗಿನ ಮಕ್ಕಳು ಕೇಳಿರಬೇಕಲ್ಲ! ನಿಮ್ಮ ಕಡೆ ಇನ್ನೂ ಬಳಕೆಯಲ್ಲಿದೆಯೇ?

ತವರದ ಬಗ್ಗೆಯೂ ಹೀಗೇ ಕೇಳಬೇಕಿದೆ. ಕಲಾಯಿಯವರು ಕಾದ ಹಿತ್ತಾಳೆ ಪಾತ್ರೆಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಉದುರಿಸಿ, ತವರ ಮುಟ್ಟಿಸಿ, ಬಟ್ಟೆಯಿಂದ ಸರ್ರನೆ ಒರೆಸಿದರೆ ಒಳಮೈಯೆಲ್ಲ ಬೆಳ್ಳಿಯಂತಾಗುತ್ತದೆ. ಅದನ್ನೇ ಪ್ರಶ್ನೆ ಮಾಡುವ ಆಸೆ. ನಿಮ್ಮೂರಲ್ಲಿ ಅವರು ಆ ಲೋಹಕ್ಕೆ ತವರ ಎಂದೇ ಅನ್ನುತ್ತಾರೋ, ಬೇರೆ ಹೆಸರಿದೆಯೋ?

ಕೊನೆಯದಾಗಿ, ಮಕ್ಕಳೇ ಟೈಪ್ ಮಾಡಬೇಕಾದ ಉತ್ತರಗಳು. ಸರಿಯುತ್ತರಗಳ ಪಟ್ಟಿಯಲ್ಲಿ ‘ಸೋಡಿಯಂ’ ಎಂದಷ್ಟೇ ಇದ್ದರೆ ‘ಸೋಡಿಯಮ್’ ಎಂದು ಬರೆದದ್ದನ್ನು ಕಂಪ್ಯೂಟರ್ ತಪ್ಪೆನ್ನುತ್ತದೆ. ಸತು–ಸತುವು, ಇಂಗಾಲ–ಕಾರ್ಬನ್ ಕೂಡ ಹಾಗೆಯೇ. ಎಲ್ಲ ರೂಪಗಳನ್ನೂ ಸರಿಯೆಂದು ಸೇರಿಸುತ್ತಿದ್ದೇನೆ. ಧಾತುಗಳ ಹೆಸರಿಗೆ ನಿಮ್ಮಲ್ಲಿ ಬಳಕೆಯಲ್ಲಿರುವ ಬೇರೆ ರೂಪಗಳಿದ್ದರೆ ತಿಳಿಸಿ, ಅವನ್ನೂ ಸೇರಿಸುತ್ತೇನೆ.