ಪ್ಲನೇರಿಯಾ ತುಂಡುಗಳು ಎರಡನೇ ದಿನಕ್ಕೇ ಕರಗಿಹೋಗುತ್ತಿವೆ, ತಪ್ಪು ಎಲ್ಲಿ?

ಕಲ್ಲಡಿ:
ಪಿಯುಸಿ ಮಕ್ಕಳಿಗೆ ಪ್ಲನೇರಿಯಾ ಎಂಬ ಚಪ್ಪಟೆ ಹುಳುವಿನ ಪುನರುತ್ಪತ್ತಿ, ಅಂದರೆ ಕೊಯ್ದ ತುಂಡು ಮತ್ತೆ ಪೂರ್ತಿ ಹುಳುವಾಗುವುದನ್ನು ತೋರಿಸಬೇಕಿದೆ. ಹಳ್ಳದ ಕಲ್ಲಿನಡಿ ಸಿಕ್ಕ ಕಂದು ಹುಳುಗಳು, ಉದ್ದ ಸುಮಾರು 1 ಸೆಂ.ಮೀ. ಸಂಜೆ ಕುರಿ ಲಿವರ್ ತಿನ್ನಿಸಿ, ಬೆಳಿಗ್ಗೆ ಬ್ಲೇಡಿನಿಂದ ಮೂರು ಮೂರು ತುಂಡು ಮಾಡಿ, ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಆರ್‌ಓ ನೀರಿನಲ್ಲಿ ಇಡಲಾಗಿದೆ. ಕೋಣೆಯ ಉಷ್ಣತೆ 30 ಡಿಗ್ರಿ. 24 ತುಂಡುಗಳಲ್ಲಿ 15 ಎರಡನೇ ದಿನಕ್ಕೇ ಲೋಳೆಯಾದವು. ಉಳಿದವುಗಳ ಕೊಯ್ದ ತುದಿ ಬೆಳ್ಳಗಾಗುತ್ತಿದೆ. ಅವೂ ಕೊಳೆಯುತ್ತಿವೆಯೇ? ಇನ್ನೊಂದು: ಎರಡು ತಲೆ ಬರಲೆಂದು ತಲೆಯನ್ನು ನಡುವೆ ಸೀಳಿದರೆ ಮರುದಿನ ಮತ್ತೆ ಕೂಡಿಕೊಂಡಿರುತ್ತದೆ. ಏಕೆ?

ತ್ರಿಶಾಖೆ:
ಬೆಳ್ಳಗಿನ ತುದಿಯನ್ನು ಎಸೆಯಬೇಡಿ! ಅದು ಕೊಳೆತವಲ್ಲ, ಚಿಗುರು. ಬ್ಲಾಸ್ಟಿಮಾ ಎನ್ನುವುದು ಅದನ್ನೇ. ಹೊಸ ಅಂಗಾಂಶಕ್ಕೆ ಇನ್ನೂ ಬಣ್ಣ ಬಂದಿರುವುದಿಲ್ಲ, ಅದಕ್ಕೇ ಬಿಳಿ. ಕೊಳೆತ ತುಂಡು ಬೂದು ಬಣ್ಣಕ್ಕೆ ತಿರುಗಿ, ಅಂಚು ನೂಲುನೂಲಾಗಿ, ಬೆಳಕು ಬಿಟ್ಟರೂ ಮುಟ್ಟಿದರೂ ಅಲುಗುವುದಿಲ್ಲ.

ಲೋಳೆಯಾದವು ಸತ್ತದ್ದು ಬ್ಲೇಡಿನಿಂದಲ್ಲ, ಹೊಟ್ಟೆ ತುಂಬಿದ್ದರಿಂದ. ಪ್ಲನೇರಿಯಾದ ಕರುಳು ಮುಂದಕ್ಕೆ ಒಂದು, ಹಿಂದಕ್ಕೆ ಎರಡು ಕವಲಾಗಿ, ಅವುಗಳಿಂದ ಮತ್ತೆ ಸಣ್ಣ ಕವಲುಗಳೊಡೆದು ಮೈಯೆಲ್ಲ ಹಬ್ಬಿರುತ್ತದೆ. ಎಲ್ಲಿ ಕೊಯ್ದರೂ ಕರುಳು ತೆರೆದುಕೊಳ್ಳುತ್ತದೆ. ಅದರಲ್ಲಿ ಅರ್ಧ ಜೀರ್ಣವಾದ ಲಿವರ್ ಇದ್ದರೆ ನೀರಿಗೆ ಸುರಿದು ಬ್ಯಾಕ್ಟೀರಿಯಾ ಹೆಚ್ಚುತ್ತದೆ. 30 ಡಿಗ್ರಿಯಲ್ಲಿ ಅದಕ್ಕೆ ಒಂದು ರಾತ್ರಿ ಸಾಕು. ಒಂದು ತುಂಡು ಕೊಳೆತರೆ ಅದೇ ತಟ್ಟೆಯಲ್ಲಿರುವ ಉಳಿದವೂ ಅದರ ಹಿಂದೆಯೇ ಹೋಗುತ್ತವೆ. ಹಾಗಾಗಿ ಕೊಯ್ಯುವ ಮೊದಲು 7 ದಿನ ಪೂರ್ತಿ ಉಪವಾಸ ಇಡಿ. ಪ್ರತಿ ತುಂಡಿಗೂ ಬೇರೆ ಬಟ್ಟಲು ಕೊಡಿ, ನೀರು 5 ಮಿ.ಲೀ. ಇದ್ದರೆ ಸಾಕು. ಮೊದಲ ಮೂರು ದಿನ ದಿನಕ್ಕೊಮ್ಮೆ ನೀರು ಬದಲಿಸಿ.

ಕೊಯ್ಯುವುದು ಹೀಗೆ: ಐಸ್ ಪ್ಯಾಕಿನ ಮೇಲೆ ಒದ್ದೆ ಫಿಲ್ಟರ್ ಕಾಗದ ಹಾಸಿ ಹುಳುವನ್ನು ಬಿಡಿ. ಒಂದೆರಡು ನಿಮಿಷದಲ್ಲಿ ಅದರ ಓಡಾಟ ನಿಧಾನವಾಗುತ್ತದೆ. ಮೈ ಚಾಚಿದ ಕ್ಷಣ ಹೊಸ ಬ್ಲೇಡನ್ನು ನೇರ ಕೆಳಗೆ ಒಂದೇ ಸಲ ಒತ್ತಿ. ಗರಗಸದ ಹಾಗೆ ಎಳೆದಾಡಿದರೆ ಅಂಚು ಹಿಸುಕಿ ಗಾಯ ಮುಚ್ಚಿಕೊಳ್ಳುವುದಿಲ್ಲ. ಮೊದಲ ಗೆರೆ ಕಣ್ಣುಗಳಿಗೂ ಗ್ರಸನಿಗೂ ನಡುವೆ, ಎರಡನೆಯದು ಗ್ರಸನಿಯ ಹಿಂದೆ. ಮೈಯ ನಡುವೆ ಬಿಳಿ ಕೊಳವೆಯಂತೆ ಕಾಣುವುದೇ ಗ್ರಸನಿ, ಹುಳು ತಿನ್ನುವುದು ಅದರಿಂದಲೇ.

ಗೆರೆ ಎಲ್ಲಿ ಬೀಳುತ್ತದೆ ಎಂಬುದು ಮುಖ್ಯ. ಜೀವವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ 1898ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಮೈಯ 279ರಲ್ಲಿ ಒಂದು ಭಾಗದಷ್ಟು ತುಂಡೂ ಪೂರ್ತಿ ಹುಳುವಾಗಬಲ್ಲದು. ಆದರೆ ಕಣ್ಣಿಗಿಂತ ಮುಂದಿನ ತುದಿ, ಮತ್ತು ಗ್ರಸನಿಯನ್ನಷ್ಟೇ ಬಿಡಿಸಿ ತೆಗೆದರೆ ಅದು, ಇವೆರಡೂ ಬೆಳೆಯಲಾರವು. ನಿಯೋಬ್ಲಾಸ್ಟ್ ಎಂಬ ಕಾಂಡಕೋಶಗಳು ಅಲ್ಲಿಲ್ಲ. ವಿಭಜಿಸುವ ಶಕ್ತಿ ಇರುವುದು ಆ ಕೋಶಗಳಿಗೆ ಮಾತ್ರ. ವಿಕಿರಣದಿಂದ ಅವನ್ನೆಲ್ಲ ಕೊಂದ ಹುಳುವಿಗೆ ಒಂದೇ ಒಂದು ನಿಯೋಬ್ಲಾಸ್ಟ್ ಹಾಕಿ ಬದುಕಿಸಿದ್ದನ್ನು 2011ರಲ್ಲಿ ತೋರಿಸಲಾಯಿತು. ಮಕ್ಕಳಿಗೆ ಇದನ್ನು ಹೇಳದೆ ಬಿಡಬೇಡಿ.

ಉಪ್ಪುನೀರಲ್ಲ:
ನೀರಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಆರ್‌ಓ ನೀರಲ್ಲಿ ಲವಣ ತೀರ ಕಡಿಮೆ. ಗಾಯವಾದ ಹುಳುವಿನೊಳಗೆ ನೀರು ನುಗ್ಗಿ ಅಂಚು ಊದಿಕೊಳ್ಳುತ್ತದೆ. ಹುಳು ಸಿಕ್ಕ ಹಳ್ಳದ ನೀರನ್ನೇ ಸೋಸಿ ತರುವುದು ಎಲ್ಲಕ್ಕಿಂತ ಸುಲಭ. ಅದಾಗದಿದ್ದರೆ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಸೋಡಿಯಂ ಕ್ಲೋರೈಡ್ 94 ಮಿ.ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 147, ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ 246, ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ 20, ಪೊಟ್ಯಾಸಿಯಂ ಕ್ಲೋರೈಡ್ 7.5, ಸೋಡಿಯಂ ಬೈಕಾರ್ಬೊನೇಟ್ 101 ಮಿ.ಗ್ರಾಂ ಹಾಕಿ, ಪಿಎಚ್ 7ಕ್ಕೆ ತನ್ನಿ. ಪ್ಲನೇರಿಯಾ ಪ್ರಯೋಗಾಲಯಗಳಲ್ಲಿ ಬಳಸುವ ಮೊಂಜುಯಿಕ್ ದ್ರಾವಣ ಇದೇ. ಅಡುಗೆ ಉಪ್ಪು ಬೇಡ, ಅದರಲ್ಲಿ ಅಯೋಡಿನ್ ಬೆರೆತಿರುತ್ತದೆ. ನಲ್ಲಿ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ 48 ಗಂಟೆ ತೆರೆದಿಡಿ, ಕ್ಲೋರಿನ್ ಹಾರಿಹೋಗುತ್ತದೆ. ತಾಮ್ರದ ಕೊಡದಲ್ಲಿ ಇಟ್ಟ ನೀರು ಮಾತ್ರ ಬೇಡವೇ ಬೇಡ. ತಾಮ್ರ ಈ ಹುಳುಗಳಿಗೆ ವಿಷ.

ಉಷ್ಣತೆ 20ರಿಂದ 24 ಡಿಗ್ರಿ ಇದ್ದರೆ ಒಳ್ಳೆಯದು. ಬಟ್ಟಲುಗಳನ್ನು ಮುಚ್ಚಿ, ಮಣ್ಣಿನ ಮಡಕೆಯೊಳಗೆ ಒದ್ದೆ ಮರಳಿನ ಮೇಲಿಟ್ಟು, ಮಡಕೆಯ ಸುತ್ತ ಒದ್ದೆ ಗೋಣಿ ಸುತ್ತಿ. ಗಾಳಿಯಾಡುವ ಕಡೆ ಇಟ್ಟರೆ ನಾಲ್ಕೈದು ಡಿಗ್ರಿ ಇಳಿಯುತ್ತದೆ. ಕತ್ತಲೂ ಸಿಕ್ಕಂತಾಯಿತು.

ಎರಡುತಲೆ:
ಸೀಳಿದ ತಲೆ ಕೂಡಿಕೊಳ್ಳುವುದು ಸಹಜ. ಗಾಯವಾದ ಕೂಡಲೆ ಸ್ನಾಯು ಬಿಗಿದು ಅಂಚುಗಳು ಹತ್ತಿರ ಬರುತ್ತವೆ. ಎರಡೂ ಹಸಿಯಾಗಿದ್ದರೆ ಬೆಸೆದುಕೊಂಡುಬಿಡುತ್ತವೆ. ತಲೆಯ ತುದಿಯಿಂದ ಗ್ರಸನಿಗಿಂತ ಸ್ವಲ್ಪ ಮುಂದಿನವರೆಗೆ ನಟ್ಟನಡುವೆ ಸೀಳಿ, ಮೊದಲ ಎರಡು ದಿನ ಬೆಳಿಗ್ಗೆ ಸಂಜೆ ನೋಡಿ, ಕೂಡಿದ್ದರೆ ಮತ್ತೆ ಬಿಡಿಸಿ. ಒಂದೊಂದು ಅಂಚೂ ತಾನೇ ಮುಚ್ಚಿಕೊಂಡ ಮೇಲೆ ಬೇರೆಬೇರೆಯಾಗಿ ಬೆಳೆಯುತ್ತವೆ.

ನಡುವಿನ ತುಂಡಿನ ಯಾವ ಕಡೆ ತಲೆ ಬರಬೇಕೆಂದು ತಿಳಿಯುವುದು ಹೇಗೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬಾಲದ ಕಡೆ ವಿಂಟ್ ಎಂಬ ಸಂಕೇತ ಜೋರಾಗಿರುತ್ತದೆ, ಅದು ತಲೆ ಬೆಳೆಯದಂತೆ ತಡೆಯುತ್ತದೆ. ಆ ಸಂಕೇತವನ್ನು ಮುಟ್ಟಿಸುವ ಬೀಟಾ-ಕ್ಯಾಟೆನಿನ್ ಜೀನನ್ನು ಮೌನಗೊಳಿಸಿದರೆ ಬಾಲದ ಜಾಗದಲ್ಲೂ ತಲೆ ಬರುವುದು 2008ರಲ್ಲಿ ಗೊತ್ತಾಯಿತು. ಬ್ಲೇಡಿನಿಂದಲೂ ಇದರ ಸುಳಿವು ಸಿಗುತ್ತದೆ: ಅಡ್ಡಕ್ಕೆ ತೀರ ತೆಳ್ಳಗೆ ಕೊಯ್ದ ಚೂರಿನಲ್ಲಿ ಕೆಲವೊಮ್ಮೆ ಎರಡೂ ಕಡೆ ತಲೆ ಬರುತ್ತದೆ.

ಕಲ್ಲಡಿ:
ಉಪವಾಸ, ಬೇರೆ ಬಟ್ಟಲು, ಹಳ್ಳದ ನೀರು, ಮಡಕೆ, ಎಲ್ಲವೂ ಹೊಸ ಕ್ರಮಕ್ಕೆ ಸೇರಿತು. ಉಳಿದ ಎರಡು ಅನುಮಾನ: ಉಪವಾಸದಲ್ಲಿ ಹುಳು ಗಿಡ್ಡವಾಗುತ್ತಿದೆ, ಸಾಯುತ್ತದೆಯೇ? ಕೊಯ್ದ ಮೇಲೆ ಊಟ ಯಾವಾಗ?

ತ್ರಿಶಾಖೆ:
ಸಾಯುವುದಿಲ್ಲ. ತಿನ್ನಲು ಸಿಗದಿದ್ದರೆ ಪ್ಲನೇರಿಯಾ ತನ್ನ ಕೋಶಗಳ ಸಂಖ್ಯೆಯನ್ನೇ ಇಳಿಸಿಕೊಂಡು, ಅಂಗಗಳ ಅಳತೆ ತಪ್ಪದಂತೆ ಕುಗ್ಗುತ್ತದೆ. ಊಟ ಸಿಕ್ಕರೆ ಮತ್ತೆ ಬೆಳೆಯುತ್ತದೆ. ವಾರಗಟ್ಟಲೆ ಹೀಗೆ ಇರಬಲ್ಲದು.

ಊಟಕ್ಕೆ ಅವಸರ ಬೇಡ. ಕಣ್ಣಿನ ಚುಕ್ಕೆ ನಾಲ್ಕೈದನೇ ದಿನ ಕಾಣುತ್ತದೆ, ಆದರೆ ತಲೆ ಮತ್ತು ಬಾಲದ ತುಂಡುಗಳಲ್ಲಿ ಗ್ರಸನಿ ಹೊಸದಾಗಿ ಆಗಬೇಕು. 10ರಿಂದ 14 ದಿನ ಕಾಯಿರಿ. ಆಮೇಲೆ ಸಾಸಿವೆ ಕಾಳಿನಷ್ಟು ಲಿವರ್ ಅಥವಾ ಬೆಂದ ಮೊಟ್ಟೆಯ ಹಳದಿ ಕೊಟ್ಟು, ಒಂದು ಗಂಟೆಗೆ ತೆಗೆದು, ನೀರು ಬದಲಿಸಿ. ಗುದದ್ವಾರವೇ ಇಲ್ಲದ ಪ್ರಾಣಿ, ಕಸವನ್ನೂ ಬಾಯಿಂದಲೇ ಹೊರಹಾಕುತ್ತದೆ. ಮರುದಿನ ಇನ್ನೊಮ್ಮೆ ನೀರು ಬದಲಿಸದಿದ್ದರೆ ಮತ್ತೆ ಅದೇ ಕೊಳೆತ.

ಉಪ್ಪುನೀರಲ್ಲ:
ಪ್ರಯೋಗ ಮುಗಿದ ಮೇಲೆ ಹುಳುಗಳನ್ನು ಹಿಡಿದ ಹಳ್ಳಕ್ಕೇ ಬಿಡಿ, ಊರಿನ ಕೆರೆಗೆ ಬೇಡ. ಅಕ್ವೇರಿಯಂನಿಂದ ಬಂದವಾದರೆ ಎಲ್ಲಿಗೂ ಬಿಡಬೇಡಿ. ಅವು ಹೊರದೇಶದ ಜಾತಿಯಾಗಿರಬಹುದು. ಮಕ್ಕಳು ಮಳೆಗಾಲದಲ್ಲಿ ತೋಟದಿಂದ ಸಲಿಕೆ ತಲೆಯ ಉದ್ದ ಹುಳು ತಂದರೆ ಅದನ್ನು ಕೊಯ್ಯಲು ಕೊಡಬೇಡಿ. ಅದು ಬೈಪಾಲಿಯಂ, ಇದೇ ಗುಂಪಿನ ನೆಲದ ಹುಳು, ಎರೆಹುಳುವನ್ನು ಬೇಟೆಯಾಡುತ್ತದೆ. ಅದರ ಎರಡು ಜಾತಿಗಳಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ನರವಿಷ ಇರುವುದು 2014ರಲ್ಲಿ ವರದಿಯಾಗಿದೆ. ಬರಿಗೈಯಲ್ಲಿ ಮುಟ್ಟಬೇಡಿ. ಎರೆಗೊಬ್ಬರದ ಗುಂಡಿಯಲ್ಲಿ ಕಂಡರೆ ಕತ್ತರಿಸಬಾರದು, ತುಂಡುಗಳೂ ಹುಳುಗಳಾಗುತ್ತವೆ. ಕಡ್ಡಿಯಿಂದ ಎತ್ತಿ ಉಪ್ಪು ತುಂಬಿದ ಡಬ್ಬಿಗೆ ಹಾಕಿ.