ಕಡಲಿನ ಪ್ರಿಂಟ್‌ಗೆ ಗಾಜೋ, ಅಕ್ರಿಲಿಕ್ಕೋ?

ಪ್ರಶ್ನೆ: ಸುರತ್ಕಲ್‌ನಲ್ಲಿ ನಮ್ಮ ಮನೆ. ಕಿಟಕಿ ತೆಗೆದರೆ ಉಪ್ಪುಗಾಳಿ. ಸೋಫಾ ಮೇಲಿನ ಗೋಡೆಗೆ ಅಮೂರ್ತ ಕಡಲಿನ ಪ್ರಿಂಟ್ ಒಂದನ್ನು ನೋಡಿದ್ದೇನೆ. ನೀಲಿ, ಬೂದು ಪಟ್ಟಿಗಳು, ನಡುವೆ ಒಂದು ಬಿಳಿ ಗೀರು, ಅಷ್ಟೇ. 'ಗೋಡೆ ಸೋರಿದ ಹಾಗಿದೆ' ಅಂದರು ಅಮ್ಮ! ಫ್ರೇಮ್ ಸಮೇತ ತಗೊಳ್ಳಲಾ? ಅದಕ್ಕೆ ಗಾಜು ಸರಿಯಾ, ಅಕ್ರಿಲಿಕ್ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಸರಿಯಾ? ಹಿಂದಿನ ಚಿತ್ರಕ್ಕೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿದಿತ್ತು.

ಉತ್ತರ 1: ಕಾಗದ ಗಾಜಿಗೆ ತಾಗಿಕೊಂಡಿತ್ತಾ? ನಡುವೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಇಡುವ ದಪ್ಪ ರಟ್ಟು) ಇರಲೇಬೇಕು, ಆಸಿಡ್ ಇಲ್ಲದ್ದು. ಪಿಗ್ಮೆಂಟ್ ಇಂಕಾ ಅಂತಲೂ ಕೇಳಿ. ಡೈ ಇಂಕ್ ಸಾಮಾನ್ಯವಾಗಿ ಬೇಗ ಮಾಸುತ್ತದೆ.

ಉತ್ತರ 2: ಕೊರಿಯರ್‌ನಲ್ಲಿ ಬರುವುದಾದರೆ ಅಕ್ರಿಲಿಕ್ಕೇ ಸರಿ. ನನ್ನ ಗಾಜು ಪುಡಿಯಾಗಿ ಬಂತು. ಆದರೆ ಒಣಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಫ್ರೇಮಿನ ಹಿಂದೆ ಮೂಲೆಗಳಿಗೆ ರಬ್ಬರ್ ತುಂಡು ಅಂಟಿಸಿ, ಗಾಳಿ ಆಡಲಿ.

ಕೇಳಿದವರು: ಹೌದು, ಅಂಟಿಕೊಂಡೇ ಇತ್ತು! ಹಾಗಾದರೆ ಬರೀ ಪ್ರಿಂಟ್ ತರಿಸಿ ಇಲ್ಲೇ ಕಟ್ಟು ಹಾಕಿಸುತ್ತೇನೆ.