ಸಹಾಯ ಬೇಕು: ಪುನರ್ಪುಳಿ (ಕೋಕಮ್) ಹಾಕಿ ಜಿನ್ ಕಾಕ್‌ಟೇಲ್ ಮಾಡಿದವರು ಇದ್ದೀರಾ?

ನಮಸ್ಕಾರ ಎಲ್ಲರಿಗೂ. ಮುಂದಿನ ಶನಿವಾರ ಹಳೆಯ ಗೆಳೆಯರು ಆರು ಜನ ಬೆಂಗಳೂರಿನ ನಮ್ಮ ಮನೆಗೆ ಬರುತ್ತಿದ್ದಾರೆ. ಮಂಗಳೂರಿಂದ ಅಮ್ಮ ಕಳಿಸಿದ ಒಣ ಪುನರ್ಪುಳಿ ಇದೆ. ಅದರಲ್ಲೇ ಏನಾದರೂ ಮಾಡಿ ಕೊಡಬೇಕು ಅಂತ ಆಸೆ.

ಎರಡು ಸಲ ಮಾಡಿ ನೋಡಿದೆ. 60 ಎಂಎಲ್ ಜಿನ್, 30 ಎಂಎಲ್ ನಿಂಬೆರಸ, 20 ಎಂಎಲ್ ಸಕ್ಕರೆ ಪಾಕ, ಜೊತೆಗೆ ಪುನರ್ಪುಳಿ ಸಿಪ್ಪೆ ನೆನೆಸಿದ ನೀರು. ಬಣ್ಣ ತುಂಬಾ ಚೆನ್ನಾಗಿ ಬಂತು, ಆದರೆ ಹುಳಿ ಜಾಸ್ತಿ. ಪುನರ್ಪುಳಿಯೇ ಹುಳಿ, ಅಲ್ವಾ? ಹಾಗಾದರೆ ನಿಂಬೆ ಪೂರ್ತಿ ಬಿಡಬೇಕಾ, ಅರ್ಧ ಮಾಡಿದರೆ ಸಾಕಾ? ಐಸ್ ಇನ್ನೊಂದು ತೊಂದರೆ. ನಮ್ಮ ಫ್ರಿಜ್ಜಿನ ಸಣ್ಣ ತುಂಡುಗಳು ಶೇಕರ್‌ನಲ್ಲಿ 15 ಸೆಕೆಂಡ್ ಅಲ್ಲಾಡಿಸುವಷ್ಟರಲ್ಲಿ ಕರಗಿ, ರುಚಿಯೆಲ್ಲ ನೀರಾಗುತ್ತದೆ. ಸ್ಟೀಲ್ ಡಬ್ಬಿಯಲ್ಲಿ ದೊಡ್ಡ ಗಡ್ಡೆ ಕಟ್ಟಿಸಿ ಒಡೆದುಕೊಳ್ಳಬಹುದಾ?

ನಮ್ಮಲ್ಲಿ ಇಬ್ಬರು ಕುಡಿಯುವುದಿಲ್ಲ. ಅವರಿಗೆ ಯಾರೂ ಒತ್ತಾಯ ಮಾಡುವುದಿಲ್ಲ, ಅದು ಕಾಲೇಜು ದಿನಗಳಿಂದ ಬಂದ ನಿಯಮ. ಆದರೆ ಚಿಯರ್ಸ್ ಹೇಳುವಾಗ ಅವರ ಕೈಗೆ ಸುಮ್ನೆ ಕೋಲಾ ಕೊಡಲು ನನಗೆ ಮನಸ್ಸಿಲ್ಲ. ಅದೇ ಬಣ್ಣ, ಅದೇ ಥರದ ಗ್ಲಾಸು, ಅಷ್ಟೇ ಮುತುವರ್ಜಿ ಇರಬೇಕು. ಪುನರ್ಪುಳಿಗೆ ಜೀರಿಗೆ, ಚಿಟಿಕೆ ಉಪ್ಪು, ಸೋಡಾ ಬೆರೆಸಿದರೆ ಹೇಗಿರುತ್ತದೆ? ಮಾಡಿದವರು ದಯವಿಟ್ಟು ಅಳತೆ ಸಮೇತ ತಿಳಿಸಿ.